ಗಾಳದ ಕೋಲಿನ ದುರಸ್ತಿ: ನ್ಯಾಯವಾದ ದರ ಗೊತ್ತುಪಡಿಸುವುದು ಹೇಗೆ?

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ನೀರಿನ ನೆಲೆಗಳಿಗೆ ಕೊರತೆಯಿಲ್ಲ. ಕಾಳಿ ನದಿ, ಅದಕ್ಕೆ ಕಟ್ಟಿದ ಸೂಪಾ ಮತ್ತು ಬೊಮ್ಮನಹಳ್ಳಿ ಜಲಾಶಯಗಳು, ಹಳಿಯಾಳದ ತಟ್ಟಿಹಳ್ಳ, ಮುಂಡಗೋಡದ ಅತ್ತಿವೇರಿ, ಇವಲ್ಲದೆ ಊರೂರಿನ ಕೆರೆಗಳು. ಬಲೆಯ ಜೊತೆಗೆ ಗಾಳ ಹಾಕಿ ಮೀನು ಹಿಡಿಯುವ ರೂಢಿಯೂ ಇದೆ. ಹಿಂದೆ ಗಾಳದ ಕೋಲೆಂದರೆ ಬಿದಿರು ಮಾತ್ರ. ಈಗ ಫೈಬರ್ ಗ್ಲಾಸ್ ಮತ್ತು ಕಾರ್ಬನ್ ಕೋಲುಗಳೂ ಬಳಕೆಗೆ ಬಂದಿವೆ.

ಬಿದಿರು ಕೋಲು ಸೀಳಿದರೆ, ಫೈಬರ್ ಕೋಲಿನ ಉಂಗುರ ಕಿತ್ತುಬಂದರೆ ಊರಿನಲ್ಲೇ ಕೈಚಳಕವುಳ್ಳ ಒಬ್ಬರ ಬಳಿ ದುರಸ್ತಿಗೆ ಒಯ್ಯುತ್ತಾರೆ. ಬೇಸಾಯದ ಬಿಡುವಿನಲ್ಲಿ ಇದು ಒಳ್ಳೆಯ ಉಪಕಸಬು ಆಗಬಲ್ಲದು. ಆದರೆ "ಎಷ್ಟಾತು?" ಎಂದು ಕೇಳಿದಾಗ "ನೋಡಿ ಕೊಡ್ರಿ" ಎನ್ನುವ ಸಂಕೋಚವೇ ಈ ಕಸಬಿಗೆ ಮುಳುವು. ಕೊಟ್ಟಷ್ಟು ತೆಗೆದುಕೊಂಡರೆ ಸಾಮಗ್ರಿಯ ಖರ್ಚು ಹುಟ್ಟಬಹುದು, ದುಡಿದವನ ಕೂಲಿ ಹುಟ್ಟುವುದಿಲ್ಲ. ಹಾಗೆಂದು ಮನಬಂದಷ್ಟು ಕೇಳಿದರೆ ಗಿರಾಕಿ ಮರಳಿ ಬರುವುದಿಲ್ಲ. ಆದ್ದರಿಂದ ದರವನ್ನು ಲೆಕ್ಕ ಹಾಕಿಯೇ ಗೊತ್ತುಪಡಿಸಬೇಕು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತಿಳಿಯಲು ಹಿಡಿದವು. ಪ್ರತಿಯೊಬ್ಬರೂ ತಮ್ಮ ಊರಿನ ಬೆಲೆಗಳನ್ನು ಹಾಕಿಕೊಳ್ಳಬೇಕು.

ಮೊದಲು ಕೂಲಿ

2025-26ನೇ ಸಾಲಿಗೆ ಉದ್ಯೋಗ ಖಾತರಿ ಕೆಲಸಕ್ಕೆ ಕರ್ನಾಟಕದಲ್ಲಿ ದಿನಕ್ಕೆ 370 ರೂ. ಕೂಲಿ ನಿಗದಿಯಾಗಿತ್ತು. ಎಂಟು ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 46 ರೂ. ಇದು ಮಣ್ಣುಕೆಲಸದ ಕೂಲಿ. ದುರಸ್ತಿಯು ಕಲಿತು ಮಾಡುವ ಕೆಲಸವಾದ್ದರಿಂದ ಇದಕ್ಕಿಂತ ಹೆಚ್ಚಿರಬೇಕು. ದಿನಕ್ಕೆ 480 ರೂ. ಎಂದಿಟ್ಟುಕೊಳ್ಳೋಣ.

ದಿನದ ಎಂಟು ಗಂಟೆಯೂ ದುರಸ್ತಿಯಲ್ಲಿ ಕಳೆಯುವುದಿಲ್ಲ ಎಂಬುದನ್ನು ಮರೆಯಬಾರದು. ಗಿರಾಕಿಯೊಡನೆ ಮಾತು, ಪೇಟೆಗೆ ಹೋಗಿ ಸಾಮಾನು ತರುವುದು, ಕೋಲು ಒರೆಸಿ ಪರೀಕ್ಷಿಸುವುದು ಇವೆಲ್ಲ ಸೇರಿ ಎರಡು ಗಂಟೆ ಹೋಗುತ್ತದೆ. ಉಳಿದ ಆರು ಗಂಟೆಯೇ ದಿನದ ಕೂಲಿಯನ್ನು ಹೊರಬೇಕು. ಹಾಗಾಗಿ 480ನ್ನು 6ರಿಂದ ಭಾಗಿಸಿದರೆ ಗಂಟೆಯ ದರ 80 ರೂ. ಆಗುತ್ತದೆ.

ಅಂಟು ಒಣಗುವ ಹೊತ್ತಿಗೆ ಕೂಲಿ ಹಾಕಬಾರದು. ಎರಡು ಟ್ಯೂಬುಗಳ ಅಂಟನ್ನು ಬೆರೆಸಿ ಹಚ್ಚಿದರೆ ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕಾಗಬಹುದು. ಮಳೆಗಾಲದ ತಂಪಿನಲ್ಲಿ ಇನ್ನೂ ನಿಧಾನ. ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಬಹುದು. ಆದರೆ ಕೋಲು ಕೊಡುವ ದಿನವನ್ನು ಇದಕ್ಕೆ ತಕ್ಕಂತೆ ಹೇಳಬೇಕು.

ಉಳಿದ ಖರ್ಚುಗಳು

1. ಸಾಮಗ್ರಿ: ಉಂಗುರ, ನೈಲಾನ್ ದಾರ, ಅಂಟು, ಮರಳು ಕಾಗದ. ಬೆರೆಸಿದ ಅಂಟಿನಲ್ಲಿ ಉಳಿದದ್ದು ಬಟ್ಟಲಲ್ಲೇ ಗಟ್ಟಿಯಾಗಿ ವ್ಯರ್ಥವಾಗುತ್ತದೆ. ಅದರ ಬೆಲೆಯನ್ನೂ ಸೇರಿಸಬೇಕು.

2. ಸಲಕರಣೆಗಳ ಸವಕಳಿ: ಚಾಕು, ಅರ, ಇಕ್ಕಳಗಳಿಗೆ 1200 ರೂ. ಹಾಕಿ, 200 ಕೆಲಸಗಳ ನಂತರ ಬದಲಿಸಬೇಕಾದರೆ ಕೆಲಸಕ್ಕೆ 6 ರೂ. ಬೀಳುತ್ತದೆ. ವಿದ್ಯುತ್ತಿಗೆ 4 ರೂ. ಸೇರಿ 10 ರೂ.

3. ಮರುದುರಸ್ತಿ: ಹತ್ತರಲ್ಲಿ ಒಂದು ಕೆಲಸ ಮರಳಿ ಬಂದು, ಅದನ್ನು ಪುಕ್ಕಟೆ ಮಾಡಿಕೊಡಲು 100 ರೂ. ತಗಲುವುದಾದರೆ, ಪ್ರತಿ ಕೆಲಸದ ಮೇಲೆ 10 ರೂ. ಇಡಬೇಕು.

ಉದಾಹರಣೆ: ಒಂದು ಉಂಗುರ ಕೂರಿಸುವುದು

ಉಂಗುರ: 25 ರೂ.
ದಾರ ಮತ್ತು ಅಂಟು: 10 ರೂ.
ಕೂಲಿ, 45 ನಿಮಿಷ: 60 ರೂ.
ಸವಕಳಿ, ವಿದ್ಯುತ್: 10 ರೂ.
ಮರುದುರಸ್ತಿ: 10 ರೂ.
ಒಟ್ಟು: 115 ರೂ.

ಇದೇ ಕೆಲಸಕ್ಕೆ 50 ರೂ. ತೆಗೆದುಕೊಂಡರೆ, ಸಾಮಗ್ರಿಯ 35 ರೂ. ಕಳೆದು ಮುಕ್ಕಾಲು ಗಂಟೆಗೆ ಉಳಿಯುವುದು 15 ರೂ. ಅಂದರೆ ಗಂಟೆಗೆ 20 ರೂ. ಮಣ್ಣು ಹೊರುವ ಕೂಲಿಯ ಅರ್ಧವೂ ಅಲ್ಲ.

ಎರಡು ಉಂಗುರಗಳಿದ್ದರೆ ದರವನ್ನು ಇಮ್ಮಡಿ ಮಾಡುವುದು ನ್ಯಾಯವಲ್ಲ. ಅಂಟು ಬೆರೆಸುವುದು, ಸಿದ್ಧತೆ ಒಂದೇ ಸಲ. ಒಂದೂಕಾಲು ಗಂಟೆಯ ಕೂಲಿ 100, ಸಾಮಗ್ರಿ 70, ಸವಕಳಿ 10, ಮರುದುರಸ್ತಿ 15, ಒಟ್ಟು 195 ರೂ. ಸಾಕು. ಗಿರಾಕಿಗೆ 35 ರೂ. ಉಳಿಯುತ್ತದೆ, ಕೆಲಸಗಾರನಿಗೆ ಕೂಲಿ ಕಡಿಮೆಯಾಗುವುದಿಲ್ಲ.

ಯಾವ ಕೋಲನ್ನು ದುರಸ್ತಿ ಮಾಡಬಾರದು?

ಲೆಕ್ಕದಿಂದ ಬಂದ ದರ ಕೆಳಗಿನ ಮಿತಿ. ಮೇಲಿನ ಮಿತಿಯನ್ನು ಹೊಸ ಕೋಲಿನ ಬೆಲೆ ಹೇಳುತ್ತದೆ. ದುರಸ್ತಿಯ ಖರ್ಚು ಹೊಸದರ ಅರ್ಧ ಬೆಲೆಯನ್ನು ಮೀರಿದರೆ ಹೊಸದನ್ನು ಕೊಳ್ಳುವುದೇ ಲೇಸೆಂದು ತಿಳಿಯಬಹುದು.

ನಡುವೆ ಮುರಿದ ಫೈಬರ್ ಕೋಲಿಗೆ ಒಳಗೆ ಕಡ್ಡಿ, ಹೊರಗೆ ಕೊಳವೆ ಕೊಟ್ಟು ದಾರ ಸುತ್ತಿ ಜೋಡಿಸಲು ಎರಡು ಗಂಟೆ ಬೇಕು. ಕೂಲಿ 160, ಸಾಮಗ್ರಿ 90, ಸವಕಳಿ 15, ಮರುದುರಸ್ತಿ 25, ಒಟ್ಟು 290 ರೂ. ಕೋಲು 1500 ರೂಪಾಯಿಯದಾದರೆ ಈ ಖರ್ಚು ಸರಿ. 400 ರೂಪಾಯಿಯದಾದರೆ ಬೇಡವೆಂದು ಮೊದಲೇ ಹೇಳಬೇಕು. ಜೋಡಿಸಿದ ಕೋಲು ಮೊದಲಿನಂತೆ ಬಾಗುವುದಿಲ್ಲ ಎಂಬುದನ್ನೂ ತಿಳಿಸಬೇಕು. ಹೀಗೆ ಹೇಳಿದವನ ಮಾತಿಗೆ ಊರಿನಲ್ಲಿ ಬೆಲೆ ಬರುತ್ತದೆ.

ಸೀಳಿದ ಅಥವಾ ಹುಳು ಕೊರೆದ ಬಿದಿರು ಕೋಲಿಗೆ ದಾರ ಸುತ್ತುವ ಬದಲು ಹೊಸ ಕೋಲು ಮಾಡಿ ಮಾರುವುದೇ ಹೆಚ್ಚಾಗಿ ಲಾಭ. ಆದರೆ ಹಿತ್ತಲಿನ ಬಿದಿರು ಪುಕ್ಕಟೆ ಎಂದು ಎಣಿಸಬಾರದು. ಅದನ್ನೇ ಮಾರಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಖರ್ಚಿಗೆ ಹಾಕಬೇಕು. 2017ರ ತಿದ್ದುಪಡಿಯಂತೆ ಅರಣ್ಯವಲ್ಲದ ಜಮೀನಿನಲ್ಲಿ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ "ಮರ" ಎಂಬ ವ್ಯಾಖ್ಯೆಯಿಂದ ಹೊರಗುಳಿದಿದೆ. ಕಾಡಿನ ಬಿದಿರಿಗೆ ಇದು ಅನ್ವಯಿಸದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಊರುಗಳವರು ಇದನ್ನು ನೆನಪಿಡಬೇಕು.

ವ್ಯವಹಾರದಲ್ಲಿ ಗಮನಿಸಬೇಕಾದ ಅಂಶಗಳು

* ಕೋಲು ನೋಡಿದ ಕೂಡಲೇ ದರ ಹೇಳಿ, ಗಿರಾಕಿಯ ಒಪ್ಪಿಗೆ ಪಡೆದ ಮೇಲೆ ಕೆಲಸ ಹಿಡಿಯಬೇಕು. ನಡುವೆ ಬೇರೆ ದೋಷ ಕಂಡರೆ ತಿಳಿಸದೆ ದರ ಏರಿಸಬಾರದು.

* ಸಾಮಾನ್ಯ ಕೆಲಸಗಳ ದರವನ್ನು ಹಲಗೆಯ ಮೇಲೆ ಬರೆದು ತೂಗುಹಾಕಬೇಕು. ನೆಂಟರಿಗೊಂದು, ಪೇಟೆಯವರಿಗೊಂದು ದರ ಬೇಡ.

* ಸಾಮಗ್ರಿಯ ಹಣವನ್ನು ಮುಂಗಡ ಪಡೆಯಬೇಕು. ದುರಸ್ತಿಯಾದ ಕೋಲನ್ನು ಒಯ್ಯದೆ ಬಿಡುವವರೂ ಇರುತ್ತಾರೆ.

* ಹಿಂದೆ ಬಡಿಗ, ಕಮ್ಮಾರರಿಗೆ ಸುಗ್ಗಿಯಲ್ಲಿ ಆಯ ಕೊಡುವ ಪದ್ಧತಿಯಿತ್ತು. ಅದು ವರ್ಷವಿಡೀ ನಡೆಯುವ ಕೆಲಸಕ್ಕೆ ಹೊಂದುತ್ತಿತ್ತು. ಬಿಡಿ ಕೆಲಸಕ್ಕೆ ನಗದೇ ಸರಿ. ಮೀನು ಕೊಟ್ಟರೆ ತೂಗಿ, ಆ ದಿನದ ಪೇಟೆ ಬೆಲೆಗೆ ಹಿಡಿಯಬೇಕು.

* ಕೆಲಸ, ಹಿಡಿದ ಹೊತ್ತು, ಸಾಮಗ್ರಿ, ಬಂದ ಹಣ ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆರು ತಿಂಗಳಿಗೊಮ್ಮೆ ಅದನ್ನು ನೋಡಿ ದರ ತಿದ್ದಬೇಕು.

ವಿಸ್ತರಣಾ ಕಾರ್ಯಕರ್ತರು ಉಪಕಸಬುಗಳ ತರಬೇತಿಯಲ್ಲಿ ಈ ಲೆಕ್ಕವನ್ನೂ ಕಲಿಸುವುದು ಅಗತ್ಯ. ಬಲೆ ಹೆಣೆಯುವವರಿಗೂ, ಸ್ಪ್ರೇಯರ್ ದುರಸ್ತಿ ಮಾಡುವವರಿಗೂ ಇದೇ ಕ್ರಮ ಹೊಂದುತ್ತದೆ. ಕೈಗೆ ಕೆಲಸ ಬಂದರೆ ಸಾಲದು, ಆ ಕೆಲಸದ ಬೆಲೆಯನ್ನು ಸಂಕೋಚವಿಲ್ಲದೆ ಹೇಳಲೂ ಬರಬೇಕು.