ಆಟಿಕೆ ಕೊಳ್ಳುವ ಮುನ್ನ ಮಾರುವವನ ವಿಳಾಸ ಕೇಳಿ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮನೆಗಳಿಗೆ ಮಕ್ಕಳ ಆಟಿಕೆಗಳು ಬಹುಕಾಲ ಜಾತ್ರೆಯಿಂದಲೂ ವಾರದ ಸಂತೆಯಿಂದಲೂ ಬರುತ್ತಿದ್ದವು. ಅಲ್ಲಿ ಗೊಂಬೆಯನ್ನು ಕೈಗೆತ್ತಿಕೊಂಡು ತಿರುವಿ ನೋಡಬಹುದಾಗಿತ್ತು. ಬಣ್ಣ ಬೆರಳಿಗೆ ಅಂಟುತ್ತದೆಯೇ ಎಂದು ಉಜ್ಜಿ ಪರೀಕ್ಷಿಸಬಹುದಾಗಿತ್ತು. ಮನಸ್ಸಿಗೆ ಬಾರದಿದ್ದರೆ ಕೆಳಗಿಟ್ಟು ಮುಂದಿನ ಅಂಗಡಿಗೆ ನಡೆಯಬಹುದಾಗಿತ್ತು. ಎಲ್ಲಕ್ಕೂ ಮಿಗಿಲಾಗಿ ಮಾರುವವನ ಮುಖ ಕಾಣುತ್ತಿತ್ತು. ಸರಕು ಕೆಟ್ಟದ್ದಾದರೆ ಮುಂದಿನ ವಾರ ಅದೇ ಜಾಗದಲ್ಲಿ ಅವನನ್ನು ಹಿಡಿದು ಕೇಳಲು ಸಾಧ್ಯವಿತ್ತು. ಈಗ ಅಂಗಡಿಯೇ ಮೊಬೈಲಿನೊಳಗೆ ಕುಳಿತು ಮನೆಗೆ ಬಂದಿದೆ. ಇದರ ಅನುಕೂಲ ಅಲ್ಪವಲ್ಲ. ಆದರೆ ಆ ಅಂಗಡಿಯಲ್ಲಿ ಕಾಣುವುದು ಗೊಂಬೆಯ ಚಿತ್ರ ಮಾತ್ರ, ಮಾರುವವನ ಮುಖವಲ್ಲ. ಮೋಸಕ್ಕೆ ಎಡೆಯಾಗುವುದು ಇಲ್ಲಿಯೇ.

ಗಡಿಭಾಗದ ಕನ್ನಡಿಗರಿಗೆ ಈ ವಿಷಯ ಇನ್ನೊಂದು ಕಾರಣದಿಂದಲೂ ಹತ್ತಿರದ್ದು. 1956ರಲ್ಲಿ ಹೈದರಾಬಾದ್ ರಾಜ್ಯ ವಿಂಗಡಣೆಯಾದಾಗ, ಅಂದಿನವರೆಗೆ ಬೀದರ್ ಜಿಲ್ಲೆಯಲ್ಲಿದ್ದ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಿಂದ ಅವು ಮಹಾರಾಷ್ಟ್ರದ ಭಾಗ. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತು ಬರುತ್ತಾರೆ. ಮನೆಯಲ್ಲಿ ಅಜ್ಜಿಯ ಕನ್ನಡ ಕೇಳುತ್ತಾರೆ. ಇಂತಹ ಮನೆಯ ಹಿರಿಯರಿಗೆ, ಮಗುವಿನ ಕೈಯಲ್ಲಿ ಕನ್ನಡ ನಾಡಿನ ವಸ್ತುವೊಂದನ್ನು ಇಡಬೇಕೆಂಬ ಹಂಬಲ ಸಹಜ. ಹಾಗೆಂದೇ ಹುಟ್ಟುಹಬ್ಬಕ್ಕೋ ತೊಟ್ಟಿಲ ಶಾಸ್ತ್ರಕ್ಕೋ ಚನ್ನಪಟ್ಟಣದ ಗೊಂಬೆಯನ್ನು ತರಿಸಬೇಕೆನ್ನುತ್ತಾರೆ. ಚನ್ನಪಟ್ಟಣವಾದರೋ ನೂರಾರು ಮೈಲಿ ದೂರ, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿದೆ. ಆನ್‌ಲೈನ್ ಅಂಗಡಿಯೇ ಗತಿ. ನಮ್ಮ ಈ ಅಭಿಮಾನವೇ ವಂಚಕನ ಬಂಡವಾಳವಾಗಬಾರದು ಎಂಬುದು ನಮ್ಮ ಕಳಕಳಿ.

ಮೊದಲು ವಸ್ತುವನ್ನು ತಿಳಿಯೋಣ. ಚನ್ನಪಟ್ಟಣದ ಗೊಂಬೆಗೆ ಪರಂಪರೆಯಿಂದ ಬಳಸುವುದು ಹಗುರವಾದ ಆಲೆಮರ. ಒಣಗಿದ ಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ತಿರುಗಿಸುತ್ತ ಕಡೆದು ಆಕಾರ ಕೊಡುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಬಳಿಕ ಕೇದಗೆಯ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಆದುದರಿಂದ ಈ ಗೊಂಬೆಗಳ ಅಂಗಗಳು ಸಾಮಾನ್ಯವಾಗಿ ದುಂಡಗಿರುತ್ತವೆ. ಬಣ್ಣ ಉಂಗುರದಂತೆ ಸುತ್ತುವರಿದಿರುತ್ತದೆ. ಚಪ್ಪಟೆ ಹಲಗೆಯನ್ನು ಕತ್ತರಿಸಿ ಮೇಲೆ ಚಿತ್ರ ಅಂಟಿಸಿದ್ದನ್ನು ಅದೇ ಹೆಸರಿನಿಂದ ಮಾರುತ್ತಿದ್ದರೆ ಸಂಶಯಪಡಲು ಕಾರಣವಿದೆ. ಇಷ್ಟು ಕೈಕೆಲಸ ಬೇಡುವ ವಸ್ತುವನ್ನು ಪುಕ್ಕಟೆಯೆನ್ನುವಂಥ ಬೆಲೆಗೆ ಯಾರೂ ಕೊಡಲಾರರು ಎಂಬುದನ್ನೂ ಮರೆಯಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ವಂಚನೆಯ ಬಗೆಗಳು ಹಲವಾದರೂ ಹೆಚ್ಚಾಗಿ ಕಾಣುವವು ನಾಲ್ಕು. ಒಂದು, ಅಂಗಡಿಯೇ ಸುಳ್ಳು: ಹೆಸರಾಂತ ಸಂಸ್ಥೆಯ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಜಾಲತಾಣ ತೆರೆಯುತ್ತಾರೆ, ಸಾವಿರಾರು ರೂಪಾಯಿಯ ಬ್ಯಾಟರಿ ಕಾರನ್ನು ಕೆಲವೇ ನೂರಕ್ಕೆ ಕೊಡುವುದಾಗಿ ಜಾಹೀರಾತು ಹಾಕುತ್ತಾರೆ, ಹಣ ಸೇರಿದ ಮೇಲೆ ಅಂಗಡಿ ಮಾಯವಾಗುತ್ತದೆ. ಎರಡು, ಸರಕಿನ ಅದಲುಬದಲು: ಚಿತ್ರದಲ್ಲಿ ಮರದ ಕುದುರೆ, ಪಾರ್ಸೆಲಿನಲ್ಲಿ ಅಂಗೈಯಗಲದ ಪ್ಲಾಸ್ಟಿಕ್. ಮೂರು, ಪಾರ್ಸೆಲಿನ ನೆಪ: ‘ನಿಮ್ಮ ವಿಳಾಸ ಅಪೂರ್ಣವಾಗಿದೆ, ಐದು ರೂಪಾಯಿ ಕಟ್ಟಿರಿ’ ಎಂಬ ಸಂದೇಶ ಬರುತ್ತದೆ, ಅದರ ಕೊಂಡಿಯನ್ನು ಒತ್ತಿದರೆ ಬ್ಯಾಂಕಿನ ವಿವರಗಳು ಕಳ್ಳನ ಪಾಲಾಗುತ್ತವೆ. ನಾಲ್ಕು, ಹಣ ಮರಳಿಸುವ ಸೋಗು: ಮೋಸಹೋದವರು ಅಂತರ್ಜಾಲದಲ್ಲಿ ಹುಡುಕಿದ ಗ್ರಾಹಕ ಸೇವೆಯ ಸಂಖ್ಯೆಯೇ ಸುಳ್ಳಾಗಿರುತ್ತದೆ, ಆಚೆಯವನು ‘ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುತ್ತದೆ’ ಎನ್ನುತ್ತಾನೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲಿಕ್ಕೇ ಹೊರತು ಪಡೆಯಲಿಕ್ಕಲ್ಲ. ಈ ಒಂದು ಮಾತನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರತಕ್ಕದ್ದು.

ಈ ನಾಲ್ಕಕ್ಕೂ ಮೊದಲ ಮದ್ದು ಒಂದೇ: ಚಿತ್ರವನ್ನು ಬಿಟ್ಟು ವಿಳಾಸವನ್ನು ನೋಡುವುದು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ಅನೇಕ ವ್ಯಾಪಾರಿಗಳಿಗೆ ಜಾಗ ಕೊಡುವ ಆನ್‌ಲೈನ್ ಮಾರುಕಟ್ಟೆಯು ಮಾರುವವನ ಹೆಸರು, ಊರು, ಸಂಪರ್ಕ ಸಂಖ್ಯೆಗಳನ್ನು ಗ್ರಾಹಕನಿಗೆ ತೋರಿಸಬೇಕು. ದೂರು ಕೇಳುವ ಅಧಿಕಾರಿಯ ಹೆಸರನ್ನೂ ಪ್ರಕಟಿಸಬೇಕು. ಆತ 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಇವು ಯಾವುವೂ ಕಾಣದೆ ಬರಿಯ ವಾಟ್ಸಾಪ್ ಸಂಖ್ಯೆಯೊಂದೇ ಇದ್ದರೆ ಅಲ್ಲಿಂದ ಹಿಂದಿರುಗುವುದೇ ಲೇಸು. ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಸರಕಾರದ ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಬಹುದು; ವ್ಯಾಪಾರದ ಹೆಸರೂ ಸ್ಥಳವೂ ಮೂಡುತ್ತವೆ. ಆ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಸಣ್ಣ ಕುಶಲಕರ್ಮಿಗೆ ಈ ನೋಂದಣಿ ಇಲ್ಲದಿರಬಹುದು; ಅದಷ್ಟರಿಂದಲೇ ಅವನನ್ನು ಕಳ್ಳನೆನ್ನಲಾಗದು. ಆದರೆ ಕೊಟ್ಟ ಸಂಖ್ಯೆಯೇ ಸುಳ್ಳಾದರೆ ಮುಂದಿನ ಮಾತೇ ಬೇಡ. ವಿಳಾಸಪಟ್ಟಿಯ ಪಕ್ಕದ ಬೀಗದ ಗುರುತನ್ನು ನಂಬಿಕೆಯ ಮುದ್ರೆಯೆಂದು ಭಾವಿಸುವವರಿದ್ದಾರೆ. ನಡುದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಆಚೆ ಕುಳಿತವನು ಪ್ರಾಮಾಣಿಕನೆಂದಲ್ಲ.

ಎರಡನೆಯದು ಗುಣಮಟ್ಟದ ಗುರುತು. ಇಲ್ಲಿ ಪಣಕ್ಕಿರುವುದು ಹಣ ಮಾತ್ರವಲ್ಲ, ಮಗುವಿನ ಆರೋಗ್ಯ. ಕೂಸು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ. ಬಣ್ಣದಲ್ಲಿ ಸೀಸವಿದ್ದರೆ ಅದು ಹೊಟ್ಟೆಗೆ ಹೋಗುತ್ತದೆ. ಸಡಿಲಾದ ಗುಂಡಿ ಬ್ಯಾಟರಿಯನ್ನು ನುಂಗಿದರೆ ಪ್ರಾಣಕ್ಕೇ ಅಪಾಯ. 2019ರಲ್ಲಿ ಭಾರತೀಯ ಗುಣಮಟ್ಟ ಪರಿಷತ್ತು ಪರೀಕ್ಷಿಸಿದ ಆಮದು ಆಟಿಕೆಗಳ ಮಾದರಿಗಳಲ್ಲಿ ಸುಮಾರು 67 ಪ್ರತಿಶತ ತೇರ್ಗಡೆಯಾಗಲಿಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಮುದ್ರೆಯ ಬಳಿ ‘ಸಿಎಂ/ಎಲ್’ ಎಂದಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ತಯಾರಕನ ಹೆಸರು, ವಿಳಾಸ ತಿಳಿಯುತ್ತದೆ. ಮುದ್ರೆಯನ್ನು ಯಾರಾದರೂ ಅಚ್ಚುಹಾಕಿಯಾರು. ಸಂಖ್ಯೆ ಸುಲಭವಾಗಿ ಸುಳ್ಳಾಡದು.

ಇದಕ್ಕೊಂದು ವಿನಾಯಿತಿಯುಂಟು. ಸರಕಾರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳನ್ನೂ, ಭೌಗೋಳಿಕ ಸೂಚಕ ಪಡೆದ ವಸ್ತುಗಳ ಅಧಿಕೃತ ಬಳಕೆದಾರರ ಆಟಿಕೆಗಳನ್ನೂ ಈ ಕಡ್ಡಾಯದಿಂದ ಹೊರಗಿಡಲಾಗಿದೆ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕ ದೊರೆತದ್ದು 2005-06ರಲ್ಲಿ. ಆದಕಾರಣ ಐಎಸ್‌ಐ ಇಲ್ಲವೆಂದ ಮಾತ್ರಕ್ಕೆ ಆ ಗೊಂಬೆ ಖೋಟಾ ಅಲ್ಲ. ಆದರೆ ‘ನೀವು ನೋಂದಾಯಿತ ಕುಶಲಕರ್ಮಿಯೇ, ಅಧಿಕೃತ ಬಳಕೆದಾರರೇ’ ಎಂದು ಕೇಳುವ ಹಕ್ಕು ನಮಗಿದೆ. ಸರಳ ದಾರಿ ಬೇಕೆನ್ನುವವರು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳನ್ನು ವಿಚಾರಿಸಬಹುದು.

ದೊಡ್ಡ ಹೆಸರಿನ ಜಾಲತಾಣವಾದರೆ ಚಿಂತೆಯಿಲ್ಲವೆಂದು ನೆಮ್ಮದಿಯಾಗಿರುವುದೂ ಸಲ್ಲದು. ಗುಣಮಟ್ಟದ ಮುದ್ರೆಯಿಲ್ಲದ ಆಟಿಕೆಗಳ ಮಾರಾಟದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್, ಸ್ನ್ಯಾಪ್‌ಡೀಲ್‌ಗಳಿಗೆ ನೋಟೀಸು ಕೊಟ್ಟಿತ್ತು. ಅಂತಹ ಕಡೆ ಮಾರುವವರು ನೂರಾರು ಮಂದಿ. ನಾವು ನೋಡಬೇಕಾದದ್ದು ಛತ್ರದ ಹೆಸರನ್ನಲ್ಲ, ಅಲ್ಲಿ ಇಳಿದುಕೊಂಡವನ ಗುರುತನ್ನು.

ಅವಸರವೂ ವಂಚಕನ ಒಳ್ಳೆಯ ಆಯುಧ. ‘ಇನ್ನು ಎರಡೇ ಉಳಿದಿವೆ, ಹತ್ತು ನಿಮಿಷ ಮಾತ್ರ’ ಎಂದು ತೆರೆಯ ಮೇಲೆ ಗಡಿಯಾರ ಓಡಿಸುತ್ತಾರೆ. ಸುಳ್ಳು ಅವಸರ ಹುಟ್ಟಿಸುವುದನ್ನೂ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದನ್ನೂ 2023ರ ನವೆಂಬರಿನ ಕೇಂದ್ರ ಮಾರ್ಗಸೂಚಿ ನಿಷೇಧಿಸಿದೆ. ಗಡಿಯಾರ ಕಂಡ ಕೂಡಲೇ ಫೋನು ಕೆಳಗಿಟ್ಟು ಒಂದು ರಾತ್ರಿ ಕಾಯುವುದು ಜಾಣತನ. ನಿಜವಾದ ವ್ಯಾಪಾರಿ ನಾಳೆಯೂ ಅಲ್ಲಿಯೇ ಇರುತ್ತಾನೆ.

ಹೊಸ ಅಂಗಡಿಯಾದರೆ ಸರಕು ಕೈಸೇರಿದ ಮೇಲೆ ಹಣ ಕೊಡುವ ಏರ್ಪಾಡನ್ನು ಆರಿಸಿಕೊಳ್ಳಿ. ಪಾರ್ಸೆಲನ್ನು ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿಡಿ. ಬಿಲ್ಲನ್ನೂ ಜಾಹೀರಾತಿನ ಚಿತ್ರವನ್ನೂ ಉಳಿಸಿಕೊಳ್ಳಿ. ವರ್ಣಿಸಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲಾರೆನೆಂದು ಮಾರುವವನು ಹೇಳುವಂತಿಲ್ಲ.

ಇಷ್ಟಾಗಿಯೂ ಹಣ ವಂಚಕನ ಕೈಸೇರಿದರೆ ನಾಚಿ ಕೂಡಬಾರದು. ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು; ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯವಾಗಬಹುದು. ವ್ಯವಹಾರದ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ಸರಕಿನ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮಾರುವವನು ಬೆಂಗಳೂರಿನಲ್ಲಿರಲಿ ದಿಲ್ಲಿಯಲ್ಲಿರಲಿ, ಉಮರ್ಗಾದವರಿಗೆ ಧಾರಾಶಿವ, ನಿಲಂಗಾ-ಉದಗೀರದವರಿಗೆ ಲಾತೂರು ಸಾಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ.

ಇನ್ನೂರು ರೂಪಾಯಿಯ ಗೊಂಬೆಗೆ ಇಷ್ಟೆಲ್ಲ ಏಕೆ ಎಂದು ಕೆಲವರು ಸುಮ್ಮನಾಗುತ್ತಾರೆ. ಆ ಸುಮ್ಮನಾಗುವಿಕೆಯ ಮೇಲೆಯೇ ಈ ದಂಧೆ ನಡೆದಿದೆ. ನೂರು ಮನೆಯ ಇನ್ನೂರು ಕೂಡಿದರೆ ಇಪ್ಪತ್ತು ಸಾವಿರ. ಅದೂ ಅಲ್ಲದೆ, ಖೋಟಾ ಗೊಂಬೆಯೊಂದು ಮಾರಾಟವಾದಾಗಲೆಲ್ಲ ಚನ್ನಪಟ್ಟಣದಲ್ಲಿ ಮರ ಕಡೆಯುವವನ ಒಂದು ಹೊತ್ತಿನ ದುಡಿಮೆ ಕಳುವಾಗುತ್ತದೆ. ವಿಳಾಸ ಕೇಳಿ ಕೊಂಡರೆ ನಮ್ಮ ಹಣ ಉಳಿಯುತ್ತದೆ, ಮಗು ಕ್ಷೇಮವಾಗಿ ಆಡುತ್ತದೆ, ದುಡಿದವನಿಗೆ ಕೂಲಿ ಸಲ್ಲುತ್ತದೆ.