ರಾಯಭಾರಿಗೂ ತಪ್ಪದ ಅಕ್ಷರಾಭ್ಯಾಸ

1954ರಲ್ಲಿ ಪ್ರಧಾನಿ ನೆಹರೂ ಚೀನಾಕ್ಕೆ ಹೋದಾಗ ಅಲ್ಲಿನ ನಾಯಕರ ಮಾತನ್ನು ತಿಳಿಸಲು ಭಾರತೀಯರೊಬ್ಬರೇ ಪಕ್ಕದಲ್ಲಿದ್ದರು. ಅವರು ವಿ.ವಿ. ಪರಾಂಜಪೆ. ಚೀನಾದಲ್ಲೇ ಓದಿ ಆ ಭಾಷೆ ಕಲಿತವರು. ನಮ್ಮವರು ಇಲ್ಲದಿದ್ದರೆ ಎದುರು ಪಕ್ಷದ ದುಭಾಷಿ ಹೇಳಿದ್ದನ್ನೇ ನಂಬಬೇಕಲ್ಲ!

ಭಾರತೀಯ ವಿದೇಶಾಂಗ ಸೇವೆಗೆ (ಐಎಫ್‌ಎಸ್) ಸೇರುವವರೂ ಐಎಎಸ್‌ನವರಂತೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆದೇ ಬರುತ್ತಾರೆ. ಮಸ್ಸೂರಿಯಲ್ಲಿ ಎಲ್ಲರ ಜೊತೆ ಬುನಾದಿ ತರಬೇತಿ. ಬಳಿಕ ದೆಹಲಿಯ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ಕಾನೂನು, ವ್ಯಾಪಾರ, ಶಿಷ್ಟಾಚಾರದ ಪಾಠ. 1986ರಲ್ಲಿ ಆರಂಭವಾದ ಈ ಸಂಸ್ಥೆಗೆ 2020ರಲ್ಲಿ ಸುಷ್ಮಾ ಸ್ವರಾಜ್ ಅವರ ಹೆಸರಿಡಲಾಯಿತು. ನಡುವೆ ಸೇನಾ ತುಕಡಿಗಳಿಗೆ, ಜಿಲ್ಲೆಗಳಿಗೂ ಕಳಿಸುತ್ತಾರೆ. ಸ್ವದೇಶ ಅರಿಯದವರು ಹೊರಗೆ ಅದರ ಪರ ಏನು ತಾನೇ ಮಾತಾಡಿಯಾರು? ಈ ಓಡಾಟದ ಅವಧಿ ಇನ್ನಷ್ಟು ಹೆಚ್ಚಿದರೂ ಒಳ್ಳೆಯದೇ.

ನಿಜವಾದ ಕಸರತ್ತು ಆಮೇಲಿನದು. ಪ್ರತಿಯೊಬ್ಬರಿಗೂ ಒಂದು ವಿದೇಶಿ ಭಾಷೆ ಕಡ್ಡಾಯ. ಯಾವುದೆಂಬುದು ಅವರ ಇಷ್ಟ, ರ‍್ಯಾಂಕ್, ಸರ್ಕಾರದ ಅಗತ್ಯ ನೋಡಿ ತೀರ್ಮಾನವಾಗುತ್ತದೆ. ಅದನ್ನು ಆಡುವ ನಾಡಿಗೇ ಕಳಿಸಿ ಕಲಿಸುವುದು ವಾಡಿಕೆ. ಅರಬ್ಬಿ ಪಾಲಿಗೆ ಬಂದವರು ಕೈರೋಗೆ ಹೋಗಿ, ಬಲದಿಂದ ಎಡಕ್ಕೆ ಅಕ್ಷರ ತಿದ್ದಬೇಕು. ದಿಲ್ಲಿಯಲ್ಲಿ ‘ಸರ್’ ಎನಿಸಿಕೊಂಡವರು ಅಲ್ಲಿ ತರಕಾರಿ ಅಂಗಡಿಯವನ ಮುಂದೆ ತಡವರಿಸುತ್ತಾರೆ. ಆದರೆ ಪೇಟೆಯ ಮಾತು, ಅಲ್ಲಿನ ಪತ್ರಿಕೆಯ ಒಳಪುಟದ ಸುದ್ದಿ ಯಾವ ದುಭಾಷಿಯೂ ತಂದು ಒಪ್ಪಿಸುವಂಥವಲ್ಲ.

ಕೊನೆಗೆ ಭಾಷಾ ಪರೀಕ್ಷೆ. ಅದರಲ್ಲಿ ಪಾಸಾಗುವ ತನಕ ನೌಕರಿ ಕಾಯಂ ಆಗದು.