ಎಂಜಿನ್ ಸದ್ದು ಕೇಳುವ ಮೊದಲು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಾನೆಟ್ ಎತ್ತಿಸಿ ಎಂಜಿನ್ ಸದ್ದು ಕೇಳುತ್ತಾರೆ, ಎಷ್ಟು ಓಡಿದೆ ಎಂದು ಮೀಟರ್ ನೋಡುತ್ತಾರೆ, ಎ.ಸಿ. ಹಾಕಿಸಿ ಕೈಯೊಡ್ಡುತ್ತಾರೆ. ನೋಡಬೇಕಾದ್ದೇ. ಆದರೆ ಕ್ಲಚ್ ಸವೆದಿದ್ದರೆ ಹೊಸದು ಹಾಕಿಸಬಹುದು, ಎಂಜಿನ್ನನ್ನೇ ಬಿಚ್ಚಬೇಕಾಗಿ ಬಂದರೂ ಮೆಕ್ಯಾನಿಕ್ ಇಷ್ಟಾಗುತ್ತದೆ ಎಂದು ಹೇಳಬಲ್ಲ. ಆ ಮೊತ್ತವನ್ನು ಬೆಲೆಯಲ್ಲಿ ಕಳೆದು ವ್ಯಾಪಾರ ಕುದುರಿಸಬಹುದು. ಅಪಘಾತದಲ್ಲಿ ಸೊಟ್ಟಗಾದ ಬಾಡಿ, ಒಮ್ಮೆ ಸಿಡಿದ ಮೇಲೆ ಮತ್ತೆ ಹಾಕಿಸದ ಏರ್‌ಬ್ಯಾಗ್, ನೆರೆಯಲ್ಲಿ ನೆನೆದ ವೈರಿಂಗ್, ಯಾರದೋ ಹೆಸರಲ್ಲೇ ಉಳಿದ ಆರ್‌ಸಿ, ಇವುಗಳಿಗೆ ಅಂಥ ಲೆಕ್ಕವಿಲ್ಲ. ಮಕ್ಕಳನ್ನೂ ವಯಸ್ಸಾದ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಹೋಗುವ ಕಾರಿನಲ್ಲಿ ಮೊದಲು ಹುಡುಕಬೇಕಾದ್ದು ಇವನ್ನೇ.

ಏರ್‌ಬ್ಯಾಗಿನಿಂದಲೇ ಶುರು ಮಾಡಿ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೂ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಲ್ಲಿ. ಚಾಲಕನ ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಬರಲು 2021ರ ಕೊನೆಯವರೆಗೆ ಕಾಯಬೇಕಾಯಿತು. ಅಂದರೆ 2017ರ ಬೇಸ್ ಮಾಡೆಲ್ ಎಷ್ಟೇ ಥಳಥಳ ಹೊಳೆಯುತ್ತಿದ್ದರೂ ಅದರಲ್ಲಿ ಇವು ಯಾವುವೂ ಇಲ್ಲದಿರಬಹುದು. ಅದೇ ದುಡ್ಡಿಗೆ ದೊಡ್ಡದೊಂದು ಹಳೇ ಕಾರು, ಚಿಕ್ಕದೊಂದು ಹೊಸ ಕಾರು ಎರಡೂ ಸಿಗುವುದಾದರೆ ನಾನು ಚಿಕ್ಕದನ್ನೇ ಆರಿಸಿ ಎನ್ನುತ್ತೇನೆ.

ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಜೀವಂತವಾಗಿದೆಯೇ ಎಂದು ತಿಳಿಯಲು ಕೀಲಿಯನ್ನು ಆನ್ ಮಾಡಿ ಮೀಟರ್ ಬೋರ್ಡ್ ನೋಡಿ. ಕುಳಿತ ಮನುಷ್ಯನ ಎದುರು ಒಂದು ಗುಂಡು ಇರುವ ದೀಪ ಹೊತ್ತಿಕೊಳ್ಳಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೇ ಉಳಿದರೆ ದೋಷವಿದೆ. ಹೊತ್ತಿಕೊಳ್ಳಲೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು: ದೋಷ ಕಾಣಬಾರದೆಂದು ಯಾರೋ ದೀಪವನ್ನೇ ತೆಗೆದಿರಬಹುದು. ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಬುಡದಲ್ಲಿ ಹೊಲಿದ ಚೀಟಿಯಲ್ಲಿ ತಯಾರಾದ ತಾರೀಖು ಸಿಗಬಹುದು. ಅದು ಕಾರು ತಯಾರಾದ ತಿಂಗಳಿಗಿಂತ ಈಚಿನದಾಗಿದ್ದರೆ ಬೆಲ್ಟ್ ಬದಲಾಗಿದೆ. ಏಕೆ ಬದಲಾಯಿತು ಎಂದು ಕೇಳಲು ಸಂಕೋಚ ಬೇಡ.

ಬಾಡಿಯನ್ನು ಹಗಲು ಬೆಳಕಿನಲ್ಲೇ ನೋಡಬೇಕು, ಮಳೆಯಲ್ಲಿ ಅಥವಾ ಆಗಷ್ಟೇ ತೊಳೆದು ನಿಲ್ಲಿಸಿದಾಗ ನೋಡಬಾರದು. ಬಂಪರ್ ಗೀಚಿದ್ದು, ಬಾಗಿಲಿಗೆ ಪೇಂಟ್ ಹೊಡೆಸಿದ್ದು ನಮ್ಮ ಊರುಗಳ ರಸ್ತೆಯಲ್ಲಿ ಸಹಜ, ಅದಕ್ಕೆ ಕಾರು ಬಿಡಬೇಕಿಲ್ಲ. ಭಾರಿ ಟಿಂಕರಿಂಗ್ ಆಗಿದೆಯೇ ಎನ್ನುವುದು ಬೇರೆ ಪ್ರಶ್ನೆ. ಬಾಗಿಲು ತೆರೆದು ಚೌಕಟ್ಟಿನ ಸುತ್ತ ಇರುವ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆಯಿರಿ. ಕಾರ್ಖಾನೆಯ ವೆಲ್ಡಿಂಗ್ ಆಗಿದ್ದರೆ ತಗಡಿನ ಅಂಚಿನಲ್ಲಿ ಒಂದೇ ಅಳತೆಯ ಪುಟ್ಟ ಗುಂಡು ತಗ್ಗುಗಳು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸಾಲಾಗಿ ಕಾಣುತ್ತವೆ. ಒಂದು ಕಡೆ ಸಾಲು ಸ್ಪಷ್ಟವಾಗಿದ್ದು ಇನ್ನೊಂದು ಕಡೆ ನುಣುಪಾಗಿ ಮುಚ್ಚಿಹೋಗಿದ್ದರೆ ಅಲ್ಲಿ ತಗಡು ಕತ್ತರಿಸಿ ಬೆಸುಗೆ ಹಾಕಿ ಪುಟ್ಟಿ ಬಳಿದಿದ್ದಾರೆ. ಬಾನೆಟ್ ಮತ್ತು ಫೆಂಡರ್ ಬೋಲ್ಟುಗಳ ತಲೆಯ ಮೇಲೂ ಕಣ್ಣಾಡಿಸಿ. ಪೇಂಟ್ ಕಿತ್ತು ಸ್ಪ್ಯಾನರ್ ಗುರುತು ಬಿದ್ದಿದ್ದರೆ ಅದನ್ನು ಬಿಚ್ಚಿ ಜೋಡಿಸಿದ್ದಾರೆ.

ಇನ್ಶೂರೆನ್ಸ್ ಪಾಲಿಸಿಯೂ ಬಾಯಿ ಬಿಡುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಶೇ 20ರಿಂದ ಶುರುವಾಗಿ 25, 35, 45 ಎಂದು ಏರುತ್ತಾ ಐದನೇ ವರ್ಷಕ್ಕೆ ಶೇ 50 ಮುಟ್ಟುತ್ತದೆ. ಆರು ವರ್ಷದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ ನಡುವೆ ನಿಂತುಹೋಗಿದೆ, ಅದೂ ಅಲ್ಲವೆಂದರೆ ಕಾರು ಈಚೆಗಷ್ಟೇ ಕೈ ಬದಲಾಗಿದೆ. 'ಒಂದು ಗೀಚೂ ಬಿದ್ದಿಲ್ಲ ಸಾರ್' ಎಂಬ ಮಾತಿನ ಪಕ್ಕ ಈ ಸೊನ್ನೆಯನ್ನು ಇಟ್ಟು ನೋಡಿ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೆರೆ ನುಗ್ಗಿ ನೆಲಮಾಳಿಗೆಗಳಲ್ಲೇ ಕಾರುಗಳು ಮುಳುಗಿದವು. ಚೆನ್ನೈನಲ್ಲಿ 2015ರಲ್ಲೂ 2023ರಲ್ಲೂ ಹಾಗೆಯೇ ಆಯಿತು. ನೀರು ಕುಡಿದ ಕಾರು ತೊಳೆದು ಒಣಗಿಸಿದ ಮೇಲೆ ಚೆನ್ನಾಗಿಯೇ ಓಡುತ್ತದೆ. ವೈರಿಂಗ್ ಜೋಡಣೆಗಳಲ್ಲಿ ಹಸಿರುಗಟ್ಟಿ ಒಂದೊಂದೇ ಕೆಡತೊಡಗುವುದು ತಿಂಗಳುಗಳ ನಂತರ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಮ್ಯಾಟ್ ಅಡಿಯ ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಣಿಯಲ್ಲಿ ನಯವಾದ ಕೆಸರು, ಇವು ಸಿಕ್ಕರೆ ಬೆಲೆ ಎಷ್ಟೇ ಇಳಿಸಿದರೂ ಎದ್ದು ಬನ್ನಿ. ಮಂಗಳೂರು, ಉಡುಪಿ ಕಡೆ ಓಡಿದ ಕಾರಾದರೆ ಉಪ್ಪುಗಾಳಿಯ ತುಕ್ಕು ಹಿಡಿದಿದೆಯೇ ಎಂದು ಅಡಿಭಾಗವನ್ನೂ ನೋಡಿಸಬೇಕು.

ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಕಷ್ಟದ ಕೆಲಸವಲ್ಲ. ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿದ್ದು ಮೀಟರ್ ಮಾತ್ರ 35 ಸಾವಿರ ತೋರಿಸಿದರೆ ನಂಬಬೇಡಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಪ್ರತಿ ಸರ್ವಿಸಿನ ಕಿಲೋಮೀಟರ್ ದಾಖಲೆ ಇರುತ್ತದೆ, ಮಾಲೀಕರಿಂದಲೇ ತರಿಸಿ. ಟೈರಿನ ವಯಸ್ಸನ್ನೂ ಮೀಟರಿನೊಂದಿಗೆ ತಾಳೆ ನೋಡಿ: ಅದರ ಮೇಲಿನ ನಾಲ್ಕಂಕಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು.

ಇನ್ನು ಎಂಜಿನ್. ನೀವು ಹೋಗುವ ಹೊತ್ತಿಗೆ ಅದು ತಣ್ಣಗಿರಬೇಕು, ಬಾನೆಟ್ ಮುಟ್ಟಿ ನೋಡಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಉಳಿದದ್ದನ್ನು ನಂಬಿಕಸ್ಥ ಮೆಕ್ಯಾನಿಕ್ ನೋಡಿಕೊಳ್ಳುತ್ತಾರೆ.

ದೆಹಲಿಯಿಂದ ಬರುವ ಅಗ್ಗದ ಕಾರುಗಳ ಬಗ್ಗೆ ಒಂದು ಮಾತು. ಅಲ್ಲಿ ಹಳೇ ಕಾರುಗಳ ಓಡಾಟದ ಮೇಲಿನ ಕಟ್ಟಳೆಗಳಿಂದಾಗಿ ಬೆಲೆ ಇಳಿಯುತ್ತದೆ. ಆದರೆ ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಳ್ಳುವುದಾದರೆ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಇಷ್ಟನ್ನೂ ಕೂಡಿಸಿದ ಮೇಲೆ ಉಳಿತಾಯ ಎಷ್ಟು ಎಂದು ನೋಡಿ.

ಕೊನೆಗೆ ಕಾಗದಪತ್ರ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ, ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೇ, ದಂಡ ಬಾಕಿ ಇದೆಯೇ ನೋಡಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದನ್ನು ತಿಳಿಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಆರ್‌ಸಿಯಲ್ಲಿ ಹೆಸರಿರುವವರನ್ನೇ ಎದುರಿಗೆ ಕೂರಿಸಿ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಬೇಕು. ಕೈ ಬದಲಾದ ಕಾರಿನ ಅಪಘಾತದಲ್ಲಿ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ನಿಮ್ಮ ಹಳೇ ಗಾಡಿ ಮಾರುವಾಗಲೂ ಇದೇ ಎಚ್ಚರ ಬೇಕು. ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು, ಇಲ್ಲದಿದ್ದರೆ ನಿಮ್ಮ ಕಾರಿಗೇ ಪೆಟ್ಟಾದಾಗ ಕ್ಲೇಮ್ ಕೈಗೆ ಬರುವುದು ಕಷ್ಟ. ಮಾರಿದವರ ನೋ ಕ್ಲೇಮ್ ಬೋನಸ್ ಅವರ ಜತೆಗೇ ಹೋಗುವುದರಿಂದ ಆ ವ್ಯತ್ಯಾಸವನ್ನು ನೀವು ಕಟ್ಟಬೇಕಾಗುತ್ತದೆ. ಬೆಲೆ ಮಾತಾಡುವಾಗಲೇ ಅದನ್ನೂ, ಮೊದಲ ತಿಂಗಳಿನ ಆಯಿಲ್, ಕೂಲೆಂಟ್, ಬೆಲ್ಟು, ಟೈರಿನ ಖರ್ಚನ್ನೂ ಬದಿಗೆ ತೆಗೆದಿಟ್ಟುಕೊಳ್ಳಿ.